ಕವನಕ್ಕೆ ಧಾಟಿ ಕಟ್ಟುವುದನ್ನು ಕಲಿಯುವುದು ಹೇಗೆ?

ಪ್ರಶ್ನೆ: ನನಗೆ 34 ವರ್ಷ. ಶಾಲೆಯ ದಿನಗಳಲ್ಲಿ ಕರ್ನಾಟಕ ಸಂಗೀತ ಕಲಿತು ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಆಮೇಲೆ ಓದು, ಕೆಲಸ, ಮನೆ ಅಂತ ಬಿಟ್ಟುಹೋಯಿತು. ನನ್ನ ಗೆಳತಿ ಚೆನ್ನಾಗಿ ಕವನ ಬರೆಯುತ್ತಾಳೆ. ಅವಕ್ಕೆ ರಾಗ ಹಾಕಿ ಹಾಡಬೇಕು ಅಂತ ತುಂಬಾ ಆಸೆ. ಆದರೆ ಕುಳಿತರೆ ಎಲ್ಲೋ ಕೇಳಿದ ಹಾಡಿನ ಧಾಟಿಯೇ ಬಾಯಿಗೆ ಬರುತ್ತದೆ. ಸಂಯೋಜನೆಗೆ ನಿಯಮಗಳು ಇವೆಯಾ? ಪಾಶ್ಚಾತ್ಯ ಸಂಗೀತ, ಕಾರ್ಡ್ಸ್ ಎಲ್ಲ ಕಲಿಯಲೇಬೇಕಾ? ಅಥವಾ ಇದು ಹುಟ್ಟಿನಿಂದಲೇ ಬರಬೇಕಾದದ್ದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ ಅನ್ನಿಸುತ್ತದೆ. ಧಾಟಿ ಕಟ್ಟುವುದು ಕಲಿತು ಬರುವ ಕೆಲಸ. ಅಡುಗೆ ಹೇಗೋ ಹಾಗೆ. ಕೆಲವರಿಗೆ ಬೇಗ ಕೈಗೆ ಹತ್ತುತ್ತದೆ, ಕೆಲವರಿಗೆ ತಡವಾಗುತ್ತದೆ. ಕೇಳಿದ ಹಾಡಿನ ಧಾಟಿ ಬಾಯಿಗೆ ಬರುತ್ತದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕಿವಿ ಚೆನ್ನಾಗಿ ತುಂಬಿದೆ ಅಂತ ಅದರ ಅರ್ಥ. ತುಂಬಿದ್ದನ್ನು ಬಿಡಿಸಿ ನೋಡುವ ಅಭ್ಯಾಸ ಮಾತ್ರ ಇನ್ನೂ ಆಗಿಲ್ಲ.

ನಿಯಮಗಳು ಇವೆಯಾ ಅಂದರೆ, ಇವೆ. ಆದರೆ ಅವನ್ನು ಪುಸ್ತಕದಲ್ಲಿ ಓದಿ ಕಲಿಯುವುದಕ್ಕಿಂತ ಒಳ್ಳೆಯ ಹಾಡುಗಳ ಹೊಲಿಗೆ ಬಿಚ್ಚಿ ಕಲಿಯುವುದು ವಾಸಿ. ಅದಕ್ಕೆ ದೊಡ್ಡ ಕೃತಿಗಳೂ ಬೇಡ. ನೀವು ಕಲಿತ ಮೊಟ್ಟಮೊದಲ ಗೀತೆ ಸಾಕು.

ಪುರಂದರದಾಸರ ‘ಶ್ರೀ ಗಣನಾಥ’ ನೆನಪಿದೆ ಅಲ್ವಾ? ಮಲಹರಿ ರಾಗ, ರೂಪಕ ತಾಳ. ಎಂಟು ಹತ್ತು ವರ್ಷದ ಮಕ್ಕಳಿಗೆ ಹೇಳಿಕೊಡುವ ಪಾಠ ಅಂತ ನಾವು ಅದನ್ನು ದಾಟಿ ಬಂದುಬಿಡುತ್ತೇವೆ. ಒಮ್ಮೆ ಅದನ್ನು ಕಾಗದದ ಮೇಲೆ ಬರೆದು ನೋಡಿ.

ಮ ಪ | ದ ಸ ಸ ರಿ || ರಿ ಸ | ದ ಪ ಮ ಪ ||
ರಿ ಮ | ಪ ದ ಮ ಪ || ದ ಪ | ಮ ಗ ರಿ ಸ ||
ಸ ರಿ | ಮ , ಗ ರಿ || ಸ ರಿ | ಗ ರಿ ಸ , ||

ಮೊದಲ ಸಾಲಿನಲ್ಲಿ ಬರುವ ಸ, ರಿ ಎರಡೂ ಮೇಲಿನ ಸ್ಥಾಯಿಯವು. ಈಗ ಮೊದಲ ಸಾಲನ್ನು ಮಾತ್ರ ಹಾಡಿ ನಿಲ್ಲಿಸಿ. ‘ಸಿಂಧೂರ ವರ್ಣ’ ಅಂತ ಪಂಚಮದಲ್ಲಿ, ಅಂದರೆ ಪ ಸ್ವರದಲ್ಲಿ, ನಿಂತಿರಿ. ಏನೋ ಬಾಕಿ ಇದೆ ಅನ್ನಿಸುತ್ತದೆ. ಯಾರೋ ಪ್ರಶ್ನೆ ಕೇಳಿ ಸುಮ್ಮನಾದ ಹಾಗೆ. ಎರಡನೇ ಸಾಲು ಹಾಡಿ. ‘ಕರಿವದನ’ ಅನ್ನುವಾಗ ಷಡ್ಜಕ್ಕೆ, ಅಂದರೆ ಸ ಸ್ವರಕ್ಕೆ, ಬಂದು ಕೂರುತ್ತದೆ. ಉತ್ತರ ಸಿಕ್ಕಿತು. ಪ ಒಂದು ತೆರೆದ ಬಾಗಿಲು, ಸ ಒಂದು ಮುಚ್ಚಿದ ಬಾಗಿಲು. ಇಡೀ ಗೀತೆ ನಿಂತಿರುವುದು ಈ ಎರಡು ನಿಲುಗಡೆಗಳ ಮೇಲೆ.

ಇನ್ನೂ ನೋಡಿ. ಹಾಡು ಷಡ್ಜದಿಂದ ಶುರುವಾಗುವುದಿಲ್ಲ, ಮಧ್ಯಮದಿಂದ ಎದ್ದು ಆರೇ ಸ್ವರದಲ್ಲಿ ಮೇಲಿನ ರಿಷಭ ಮುಟ್ಟುತ್ತದೆ. ಇಡೀ ಗೀತೆಯ ಅತಿ ಎತ್ತರದ ಜಾಗ ಅದು. ಅಲ್ಲಿಂದ ಉಳಿದದ್ದೆಲ್ಲ ಇಳಿಜಾರು. ‘ಲಂಬೋದರ ಲಕುಮಿಕರ’ ಬರುವ ಹೊತ್ತಿಗೆ ಹಾಡು ಸ ಮತ್ತು ಮ ನಡುವಿನ ನಾಲ್ಕೇ ಸ್ವರಗಳಲ್ಲಿ ಓಡಾಡುತ್ತದೆ. ಮತ್ತೆ ಮತ್ತೆ ಬರುವ ಸಾಲು ಅದು. ಹಾಗಾಗಿ ಎಲ್ಲರ ಗಂಟಲಿಗೂ ನಿಲುಕುವ ಜಾಗದಲ್ಲಿ ಇಟ್ಟಿದ್ದಾರೆ. ಮಾತನ್ನೂ ಗಮನಿಸಿ. ‘ಶ್ರೀ ಗಣನಾಥ’ ಒಂದು ಆವರ್ತ (ತಾಳದ ಒಂದು ಸುತ್ತು), ‘ಸಿಂಧೂರ ವರ್ಣ’ ಒಂದು ಆವರ್ತ, ‘ಕರುಣಾ ಸಾಗರ’ ಒಂದು, ‘ಕರಿವದನ’ ಒಂದು. ತಾಳದ ಮನೆ ದಾಟುವಾಗ ಯಾವ ಪದವೂ ತುಂಡಾಗುವುದಿಲ್ಲ.

ಮತ್ತೊಂದು ವಿಷಯ ನನಗೆ ತುಂಬಾ ಇಷ್ಟ. ಮಲಹರಿಯ ಆರೋಹಣದಲ್ಲಿ ಗಾಂಧಾರ ಇಲ್ಲ, ಅವರೋಹಣದಲ್ಲಿ ಮಾತ್ರ ಇದೆ ಅಂತ ಕಲಿತಿದ್ದೀರಿ. ಹಾಗಾದರೆ ಕೊನೆಯ ‘ಸ ರಿ ಗ ರಿ ಸ’ ಎಲ್ಲಿಂದ ಬಂತು? ರಿಷಭದಿಂದ ಗಾಂಧಾರಕ್ಕೆ ಹತ್ತಿ ಅಲ್ಲೇ ಇಳಿದುಬಿಟ್ಟಿದೆ. ರಾಗ ಅಂದರೆ ಏಣಿ ಅಲ್ಲ. ಅದಕ್ಕೆ ತನ್ನದೇ ಆದ ಮಾತಿನ ತುಣುಕುಗಳಿವೆ, ಅವನ್ನು ಸಂಚಾರ ಅಂತೀವಿ. ಆರೋಹಣ ಅವರೋಹಣ ಬಾಯಿಪಾಠ ಮಾಡಿ ಧಾಟಿ ಕಟ್ಟಲು ಕುಳಿತವರು ಸೋಲುವುದು ಇಲ್ಲೇ.

ಹೀಗೆ ಬಿಡಿಸಲು ಒಂದು ಗೀತೆಗೆ ಒಂದು ವಾರ ಕೊಡಿ. ಮೊದಲು ಮಲಹರಿಯ ಉಳಿದ ಪಿಳ್ಳಾರಿ ಗೀತೆಗಳು, ಆಮೇಲೆ ನಿಮಗೆ ಬರುವ ಒಂದೆರಡು ವರ್ಣ, ಆಮೇಲೆ ನಿಮಗಿಷ್ಟವಾದ ಒಂದು ಭಾವಗೀತೆ. ಪ್ರತಿಯೊಂದರಲ್ಲೂ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಎಲ್ಲಿಂದ ಎತ್ತಿದರು, ಎಲ್ಲಿ ನಿಲ್ಲಿಸಿದರು, ಅತಿ ಎತ್ತರ ಯಾವ ಪದದ ಮೇಲೆ ಬಂತು, ಪಲ್ಲವಿಗೆ ವಾಪಸ್ ಹೇಗೆ ಬಂದರು. ‘ಎಲ್ಲೋ ಕೇಳಿದ ಧಾಟಿ’ ಬಾಯಿಗೆ ಬಂದಾಗಲೂ ಅದನ್ನು ಓಡಿಸಬೇಡಿ. ಸ್ವರ ಹಾಕಿ ಬರೆದುಕೊಳ್ಳಿ. ಆಮೇಲೆ ಅದರ ನಿಲುಗಡೆ ಮಾತ್ರ ಬದಲಿಸಿ. ಸ ಇದ್ದಲ್ಲಿ ರಿ ಇಡಿ, ಪ ಇದ್ದಲ್ಲಿ ಗ ಇಡಿ. ಅಲ್ಲಿಗೆ ತಲುಪಲು ದಾರಿಯೂ ಬದಲಾಗಲೇಬೇಕಾಗುತ್ತದೆ. ನಾಲ್ಕು ಸಲ ಹೀಗೆ ಮಾಡಿದರೆ ಮೂಲ ಹಾಡು ತಾನಾಗಿಯೇ ಹಿಂದೆ ಸರಿಯುತ್ತದೆ.

ಈಗ ಕವನಕ್ಕೆ ಬರೋಣ. ಹೆಚ್ಚಿನವರು ಮೊದಲು ರಾಗ ಹುಡುಕುತ್ತಾರೆ. ನನ್ನ ಪ್ರಕಾರ ಅದು ಎರಡನೆಯ ಕೆಲಸ. ಮೊದಲು ಹುಡುಕಬೇಕಾದದ್ದು ನಡೆ, ಅಂದರೆ ಮಾತು ಎಷ್ಟೆಷ್ಟು ಮಾತ್ರೆಯ ಗುಂಪಾಗಿ ಸಾಗುತ್ತದೆ ಅನ್ನುವುದು. ಅದು ಕವನದ ಒಳಗೇ ಇರುತ್ತದೆ. ನಮ್ಮ ಭಾಷೆ ಇಲ್ಲಿ ನಮಗೆ ದೊಡ್ಡ ಉಪಕಾರ ಮಾಡಿದೆ. ಹೈಸ್ಕೂಲಿನ ಕನ್ನಡ ಪಾಠದಲ್ಲಿ ಲಘು ಗುರು ಹಾಕಿ ಗಣ ವಿಂಗಡಿಸಿದ್ದು ನೆನಪಿದೆಯಾ? ಪರೀಕ್ಷೆಯ ಅಂಕಕ್ಕೆ ಅಂತ ಮಾಡಿದ ಆ ಲೆಕ್ಕ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಒಂದೇ ಮಳೆಯನ್ನು ನಾಲ್ಕು ರೀತಿ ಹೇಳಿ ತೋರಿಸುತ್ತೇನೆ.

‘ಮಳೆಯ ಹನಿಯು ಎಲೆಯ ಮೇಲೆ’. ಮೂರು ಮೂರು ಮಾತ್ರೆ. ಕೈ ತಟ್ಟಿದರೆ ತಿಶ್ರ ನಡೆ, ತಕಿಟ ತಕಿಟ.

‘ಮಳೆಯಲಿ ನೆನೆದಿದೆ ಊರಿನ ದಾರಿ’. ನಾಲ್ಕು ನಾಲ್ಕು, ಕೊನೆಯಲ್ಲಿ ಮೂರು ಮಾತ್ರೆ ಮತ್ತು ಒಂದು ಉಸಿರಿನ ಜಾಗ. ಇದು ಆದಿತಾಳದಲ್ಲಿ ಆರಾಮಾಗಿ ಕೂರುತ್ತದೆ.

‘ಮಳೆ ಸುರಿದು ನೆಲ ನಗಲು’. ಎರಡು ಮೂರು, ಎರಡು ಮೂರು. ತಕ ತಕಿಟ. ಖಂಡಛಾಪು.

‘ಮಳೆಯು ಸುರಿದಿದೆ ನೆಲವು ನಗುತಿದೆ’. ಮೂರು ನಾಲ್ಕು, ಮೂರು ನಾಲ್ಕು. ತಕಿಟ ತಕಧಿಮಿ. ಮಿಶ್ರಛಾಪು.

ನಮ್ಮ ಹಳೆಯ ಕವಿಗಳು ಇದನ್ನು ಚೆನ್ನಾಗಿ ಬಲ್ಲವರು. ಕುಮಾರವ್ಯಾಸನ ಭಾಮಿನಿ ಷಟ್ಪದಿ ಪೂರ್ತಿ ಮೂರು ನಾಲ್ಕರ ನಡೆ. ಲಕ್ಷ್ಮೀಶನ ವಾರ್ಧಕ ಷಟ್ಪದಿ ಐದರ ನಡೆ. ಪರಿವರ್ಧಿನಿ ನಾಲ್ಕರದು, ಭೋಗ ಮೂರರದು. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ತಾಳ ಹಾಕದೆ ವಾಚನ ಮಾಡಿದರೂ ಒಳಗೆ ಆ ನಡೆ ಮಿಡಿಯುತ್ತಲೇ ಇರುತ್ತದೆ. ಬಿಡುವಾದಾಗ ಕುಮಾರವ್ಯಾಸ ಭಾರತದ ಗಮಕ ವಾಚನ ಕೇಳಿ. ಪದ ಒಡೆಯದೆ, ಅರ್ಥ ಕೆಡದೆ ರಾಗವನ್ನು ಮಾತಿಗೆ ಹೊಂದಿಸುವುದು ಹೇಗೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ನಡೆ ಸಿಕ್ಕಿದ ಮೇಲೆ ಮಾತ್ರೆಯನ್ನು ಗೌರವಿಸಬೇಕು. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಪದವೇ ಬೇರೆ ಆಗುತ್ತದೆ. ‘ಬಳೆ’ಯ ಮೊದಲ ಅಕ್ಷರವನ್ನು ಎಳೆದರೆ ‘ಬಾಳೆ’. ‘ನಡು’ ಎಳೆದರೆ ‘ನಾಡು’. ‘ಮನ’ ಎಳೆದರೆ ‘ಮಾನ’. ನಾನು ಶುರುವಿನಲ್ಲಿ ಕಟ್ಟಿದ ಒಂದು ಧಾಟಿಯಲ್ಲಿ ‘ನಡು ಇರುಳಲಿ’ ಅನ್ನುವ ಕಡೆ ಸ್ವರವನ್ನು ಎಳೆದು ತೂಗಿಸುವ ಚೆಂದದ ಒಂದು ಗಮಕ ಬಂದಿತ್ತು. ನನಗೆ ಅದು ಬಹಳ ಇಷ್ಟ. ನನ್ನ ಗುರುಗಳು ಕೇಳಿ, ‘ಯಾವ ನಾಡಿನ ಇರುಳಪ್ಪಾ ಇದು?’ ಅಂದರು. ಆ ಗಮಕವನ್ನು ಅಲ್ಲಿಂದ ತೆಗೆದು ಮುಂದಿನ ದೀರ್ಘಾಕ್ಷರದ ಮೇಲೆ ಇಟ್ಟೆ. ಹಾಡು ಮೊದಲಿಗಿಂತ ಚೆನ್ನಾಯಿತು. ಎಳೆಯಬೇಕು ಅನ್ನಿಸಿದಾಗ ದೀರ್ಘಾಕ್ಷರ ಹುಡುಕಿ. ಅದು ಸಿಗದಿದ್ದರೆ ಪದದ ಕೊನೆಯ ಅಕ್ಷರವನ್ನು ಎಳೆಯಿರಿ, ಅಲ್ಲಿ ಅರ್ಥಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ.

ಗೆಳತಿಯ ಕವನ ಛಂದಸ್ಸಿಲ್ಲದ ನವ್ಯ ರೀತಿಯದಾದರೆ? ಆಗ ಅದನ್ನು ತಾಳಕ್ಕೆ ಎಳೆದು ಕಟ್ಟಬೇಡಿ. ವಚನಗಳಿಗೂ ಮಾತ್ರೆಯ ಲೆಕ್ಕ ಇಲ್ಲ. ಆದರೂ ಮಲ್ಲಿಕಾರ್ಜುನ ಮನಸೂರರು ವಚನ ಹಾಡುವಾಗ ಒಂದೊಂದು ಮಾತೂ ಎದೆಗೆ ಇಳಿಯುತ್ತದೆ. ಅಂಥ ಕವನದಲ್ಲಿ ಒಂದೇ ಒಂದು ಸಾಲನ್ನು ತಾಳಕ್ಕೆ ಕೂರಿಸಿ ಪಲ್ಲವಿ ಮಾಡಿಕೊಳ್ಳಿ. ಉಳಿದದ್ದನ್ನು ಮಾತಿನ ಓಟದಲ್ಲೇ ಹಾಡಿ.

ರಾಗದ ವಿಷಯ. ‘ಕರುಣೆಗೆ ಈ ರಾಗ, ಸಂತೋಷಕ್ಕೆ ಆ ರಾಗ’ ಅನ್ನುವ ಪಟ್ಟಿಗಳು ಜಾಸ್ತಿ ಓಡಾಡುತ್ತವೆ. ಅವನ್ನು ನಂಬಿ ಕೂರಬೇಡಿ. ಒಂದೇ ರಾಗದಲ್ಲಿ ಲಾಲಿಯೂ ಇದೆ, ವೀರದ ಹಾಡೂ ಇದೆ. ಭಾವ ಬದಲಾಗುವುದು ಯಾವ ಸ್ವರದ ಮೇಲೆ ನಿಂತಿರಿ, ಎಷ್ಟು ಹೊತ್ತು ನಿಂತಿರಿ, ಕಾಲ ಎಷ್ಟು ಅನ್ನುವುದರಿಂದ. ಹಿಂದೂಸ್ತಾನಿಯಲ್ಲಿ ಇದಕ್ಕೆ ಒಂದು ಸ್ಪಷ್ಟ ಉದಾಹರಣೆ ಇದೆ. ಭೂಪಾಲಿ ಮತ್ತು ದೇಶ್‌ಕಾರ್ ಎರಡರಲ್ಲೂ ಅವೇ ಐದು ಸ್ವರ, ಸ ರಿ ಗ ಪ ದ. ಭೂಪಾಲಿಯಲ್ಲಿ ಗಾಂಧಾರಕ್ಕೆ ಮುಖ್ಯ ಜಾಗ, ದೇಶ್‌ಕಾರ್‌ನಲ್ಲಿ ಧೈವತಕ್ಕೆ. ಒಂದು ಸಂಜೆಯ ಮುಗಿವಿನ ನಂತರದ ರಾಗ, ಇನ್ನೊಂದು ಬೆಳಗಿನ ರಾಗ. ಸ್ವರ ಅವೇ, ನಿಲುಗಡೆ ಬೇರೆ, ಅಷ್ಟಕ್ಕೇ ರಾಗವೇ ಬೇರೆ.

ನಮ್ಮಲ್ಲಿ ಇದೇ ಐದು ಸ್ವರಗಳ ರಾಗ ಮೋಹನ. ಮೊದಲ ಮೂರು ತಿಂಗಳು ಮೋಹನ ಬಿಟ್ಟು ಆಚೆ ಹೋಗಬೇಡಿ ಅನ್ನುವುದು ನನ್ನ ಸಲಹೆ. ಐದೇ ಸ್ವರ ಇದ್ದಾಗ ಹೊಸತನಕ್ಕೆ ರಾಗ ಬದಲಿಸುವ ಸುಲಭದ ದಾರಿ ಇರುವುದಿಲ್ಲ. ಎತ್ತುಗಡೆ, ನಿಲುಗಡೆ, ನಡೆ ಇವನ್ನೇ ಬದಲಿಸಬೇಕಾಗುತ್ತದೆ. ಕೈ ಪಳಗುವುದು ಹಾಗೆ.

ಒಂದು ಸಾಲು ಮಾಡಿ ನೋಡೋಣ. ‘ಮಳೆಯು ಸುರಿದಿದೆ ನೆಲವು ನಗುತಿದೆ’. ಮಿಶ್ರಛಾಪು, ಅಕ್ಷರಕ್ಕೆ ಒಂದು ಸ್ವರ. ಮೊದಲ ಸ ಮೇಲಿನ ಸ್ಥಾಯಿಯದು.

ಸ ದ ಪ | ಗ ಪ ದ ಪ || ಗ ಪ ಗ | ರಿ ಗ ರಿ ಸ ||

‘ಮಳೆಯು’ ಮೇಲಿನಿಂದ ಇಳಿಯುತ್ತದೆ. ‘ಸುರಿದಿದೆ’ ಪಂಚಮದಲ್ಲಿ ನಿಲ್ಲುತ್ತದೆ, ಬಾಗಿಲು ತೆರೆದೇ ಇದೆ. ‘ನೆಲವು’ ಗಾಂಧಾರದ ಸುತ್ತ, ‘ನಗುತಿದೆ’ ಷಡ್ಜಕ್ಕೆ. ಇದು ಬರೀ ಎಲುಬಿನ ಗೂಡು. ಇನ್ನು ಇದನ್ನು ಬದಲಿಸಿ. ಕೊನೆಯನ್ನು ‘ರಿ ಗ ಪ ಗ’ ಮಾಡಿ. ಈಗ ನೆಲ ನಕ್ಕು ಸುಮ್ಮನಾಗಲಿಲ್ಲ, ನಗು ಇನ್ನೂ ನಡೆದಿದೆ. ಇದರ ಮುಂದೆ ಇನ್ನೊಂದು ಸಾಲು ಬೇಕೇ ಬೇಕು ಅನ್ನಿಸುತ್ತದೆ. ಎರಡೇ ಸ್ವರ ಬದಲಾಗಿ ಕವನದ ಅರ್ಥದ ಮೇಲೆ ಬೆಳಕು ಬಿತ್ತು ನೋಡಿ. ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದೇ ಇಂಥ ಗಳಿಗೆಗಳಿಂದ.

ಹೀಗೆ ಒಂದೇ ಸಾಲಿಗೆ ಐದಾರು ರೂಪ ಕೊಡಿ. ತ್ಯಾಗರಾಜರ ಕೃತಿಗಳಲ್ಲಿ ಸಂಗತಿಗಳು, ಅಂದರೆ ಒಂದೇ ಸಾಲಿನ ಬೇರೆ ಬೇರೆ ರೂಪಗಳು, ಬೆಳೆಯುವ ಕ್ರಮ ನೋಡಿ. ಮೊದಲ ಸಂಗತಿ ಸರಳ. ಮುಂದಿನದರಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಭಾಗ ಮಾತ್ರ ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕೇಳುವವರಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಚರಣಕ್ಕೆ ಬಂದಾಗ ಒಂದು ಕಷ್ಟ ಎಲ್ಲರಿಗೂ ಬರುತ್ತದೆ. ಚರಣ ಮೇಲಿನ ಸ್ಥಾಯಿಗೆ ಹೋಗುವುದು ರೂಢಿ. ಹೋಗುವುದು ಸುಲಭ, ಪಲ್ಲವಿಗೆ ವಾಪಸ್ ಬರುವುದು ಕಷ್ಟ. ಚರಣದ ಕೊನೆಯ ಸ್ವರಕ್ಕೂ ಪಲ್ಲವಿಯ ಮೊದಲ ಸ್ವರಕ್ಕೂ ನಡುವೆ ದೊಡ್ಡ ಹಳ್ಳ ಬಿದ್ದರೆ ಹಾಡು ಅಲ್ಲಿ ಎಡವುತ್ತದೆ. ಅದಕ್ಕೆ ನಾನು ಚರಣದ ಕೊನೆಯ ಸಾಲನ್ನು ಮೊದಲು ಕಟ್ಟುತ್ತೇನೆ. ಆಮೇಲೆ ಎತ್ತರದ ಸಾಲು. ನಡುವಿನದು ಕೊನೆಗೆ. ಎತ್ತರದ ಸ್ವರ ಯಾವ ಪದದ ಮೇಲೆ ಬೀಳುತ್ತದೆ ಅನ್ನುವುದನ್ನು ಕವನಕ್ಕೆ ಬಿಡಿ. ಕವನ ಎಲ್ಲಿ ತಿರುಗುತ್ತದೋ ಅಲ್ಲಿ ಇರಲಿ. ‘ಮತ್ತು’, ‘ಆದರೆ’ ಅನ್ನುವ ಪದಗಳ ಮೇಲೆ ತಾರಷಡ್ಜ (ಮೇಲಿನ ಸ್ಥಾಯಿಯ ಸ) ಹಾಕಿದರೆ ಧಾಟಿ ಎಷ್ಟೇ ಚೆನ್ನಾಗಿದ್ದರೂ ಮಾತು ಸಾಯುತ್ತದೆ.

ಒಂದೇ ಕವನಕ್ಕೆ ಬೇರೆ ಬೇರೆಯವರು ಕಟ್ಟಿದ ಧಾಟಿಗಳನ್ನು ಪಕ್ಕದಲ್ಲಿಟ್ಟು ಕೇಳುವುದೂ ದೊಡ್ಡ ಪಾಠ. ಎಲ್ಲರಿಗೂ ಬಾಯಿಪಾಠ ಇರುವ ಉದಾಹರಣೆ ನಮ್ಮ ನಾಡಗೀತೆ. ಮೈಸೂರು ಅನಂತಸ್ವಾಮಿ ಅವರ ಧಾಟಿ ಇದೆ, ಸಿ. ಅಶ್ವಥ್ ಅವರದೂ ಇದೆ. ಸಭೆಗಳಲ್ಲಿ ಹಾಡಲು 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು, 2 ನಿಮಿಷ 30 ಸೆಕೆಂಡಿನ ಅವಧಿಯನ್ನು ಗೊತ್ತುಮಾಡಿತು. ಯಾವುದು ಮೇಲು ಅನ್ನುವ ಮಾತು ಈಗ ಬೇಡ. ಎರಡನ್ನೂ ಕೇಳಿ, ಅದೇ ಪದ ಒಂದರಲ್ಲಿ ಎಲ್ಲಿ ನಿಂತಿದೆ, ಇನ್ನೊಂದರಲ್ಲಿ ಎಲ್ಲಿ ನಿಂತಿದೆ ಅಂತ ಗುರುತು ಹಾಕಿ. ಇಬ್ಬರು ದೊಡ್ಡ ಸಂಯೋಜಕರು ಒಂದೇ ಮಾತನ್ನು ಹೇಗೆ ಕೇಳಿಸಿಕೊಂಡರು ಅನ್ನುವುದು ಅಲ್ಲಿ ಕಾಣುತ್ತದೆ.

ಪಾಶ್ಚಾತ್ಯ ಸಂಗೀತ ಕಲಿಯಲೇಬೇಕಾ? ಧಾಟಿ ಕಟ್ಟಲು ಬೇಡ. ವಾದ್ಯಗಳನ್ನು ಜೋಡಿಸಿ ಹಿನ್ನೆಲೆ ಮಾಡಬೇಕು ಅಂದಾಗ ಬೇಕು, ಆಗ ಸರಿಯಾಗಿಯೇ ಕಲಿಯಿರಿ. ಎರಡೂ ಕಡೆ ಕಿವಿ ಇಟ್ಟವರು ನಮ್ಮಲ್ಲೇ ಇದ್ದಾರೆ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಬರೆದು ನೋಟ್ಟುಸ್ವರ ಮಾಡಿದರು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಪಿಯಾನೋ ಕಲಿತವರು, ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು. ಕೃತಿ ರಚನೆಗೆ ಕುಳಿತಾಗ ಅವರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದು, ಅಪರೂಪದ ರಾಗಗಳನ್ನೆಲ್ಲ ಆರಿಸಿಕೊಂಡು 94 ಕೃತಿಗಳನ್ನು ಕೊಟ್ಟರು. ಅಷ್ಟು ಸಿಂಫನಿ ಕೇಳಿದ ಕಿವಿ ಅದು. ಕೃತಿಗಳು ಮಾತ್ರ ಅಪ್ಪಟ ಕರ್ನಾಟಕ ಸಂಗೀತದವು.

ಕಾರ್ಡ್ ಹಾಕುವಾಗ ಒಂದು ಎಚ್ಚರ ಬೇಕು. ಮೋಹನದಲ್ಲಿ ಮ, ನಿ ಇಲ್ಲ. ಸ ಗ ಪ ಒಟ್ಟಿಗೆ ನುಡಿಸಿದರೆ ಒಂದು ಕಾರ್ಡ್, ದ ಸ ಗ ನುಡಿಸಿದರೆ ಇನ್ನೊಂದು. ಎರಡೂ ರಾಗದ ಒಳಗೇ ಇವೆ. ಆದರೆ ಕೀಬೋರ್ಡ್ ನುಡಿಸುವವರ ಕೈ ಅಭ್ಯಾಸದಿಂದ ಪಂಚಮದ ಕಾರ್ಡಿಗೆ ಹೋಗುತ್ತದೆ. ಅದು ಪ ನಿ ರಿ. ನಿಷಾದ ಒಳಗೆ ಬಂತು. ನೀವು ಮೋಹನ ಹಾಡುತ್ತಿದ್ದರೂ ಕೇಳುವವರ ಕಿವಿ ಬಿಲಹರಿಯ ಕಡೆಗೋ ಶಂಕರಾಭರಣದ ಕಡೆಗೋ ಜಾರುತ್ತದೆ. ಬೇಕು ಅಂತಲೇ ಮಾಡಿದರೆ ಸರಿ. ಗೊತ್ತಿಲ್ಲದೆ ಆಗಬಾರದು.

ದಿನದ ಅಭ್ಯಾಸಕ್ಕೆ ಅರ್ಧ ಗಂಟೆ ಸಾಕು. ಫೋನಿನಲ್ಲಿ ತಂಬೂರ ಹಾಕಿಕೊಳ್ಳಿ, ಕೈಯಲ್ಲಿ ತಾಳ ಇರಲಿ, ಪಕ್ಕದಲ್ಲಿ ನೋಟ್‌ಬುಕ್ ಇರಲಿ. ದಿನಕ್ಕೆ ಎರಡೇ ಸಾಲು ಕಟ್ಟಿ, ಸ್ವರ ಹಾಕಿ ಬರೆಯಿರಿ. ಬರೀ ರೆಕಾರ್ಡ್ ಮಾಡಿಟ್ಟರೆ ಸಾಲದು. ಬರೆಯುವಾಗಲೇ ‘ಇಲ್ಲಿ ಯಾಕೆ ಹೀಗೆ ಹೋದೆ’ ಅನ್ನುವ ಪ್ರಶ್ನೆ ಏಳುತ್ತದೆ. ರೆಕಾರ್ಡಿಂಗನ್ನು ನಾಲ್ಕು ದಿನ ಬಿಟ್ಟು ಕೇಳಿ. ಸಂಗೀತ ಕಲಿಯದ ಒಬ್ಬರಿಗೆ ಎರಡು ಸಲ ಹಾಡಿ ತೋರಿಸಿ, ಮೂರನೇ ಸಲ ಅವರಿಂದ ಪಲ್ಲವಿ ಹಾಡಿಸಿ. ಅವರು ತಪ್ಪುವ ಜಾಗದಲ್ಲಿ ಹೆಚ್ಚಿನ ಸಲ ಧಾಟಿಯಲ್ಲೇ ತೊಡಕು ಇರುತ್ತದೆ.

ಅಭ್ಯಾಸಕ್ಕೆ ಹೆಸರಾಂತ ಕವಿಗಳ ಕವನ ತೆಗೆದುಕೊಳ್ಳುವುದಾದರೆ ಒಂದು ವಿಷಯ ತಿಳಿದಿರಲಿ. ಮನೆಯಲ್ಲಿ ಕಲಿಯಲು ಏನೂ ತೊಂದರೆ ಇಲ್ಲ. ರೆಕಾರ್ಡ್ ಮಾಡಿ ಹೊರಗೆ ಬಿಡುವುದಾದರೆ, ಕವಿ ತೀರಿಕೊಂಡು 60 ವರ್ಷ ಆಗುವವರೆಗೆ ಕೃತಿಯ ಹಕ್ಕು ಇರುತ್ತದೆ, ಹಕ್ಕಿರುವವರ ಒಪ್ಪಿಗೆ ಬೇಕು. ಷಟ್ಪದಿ, ವಚನ, ದಾಸರ ಪದಗಳಿಗೆ ಈ ಚಿಂತೆ ಇಲ್ಲ. ನಿಮ್ಮ ಗೆಳತಿಯಂತೂ ಪಕ್ಕದಲ್ಲೇ ಇದ್ದಾಳೆ.

ಅವಳಿಂದ ಒಂದು ಕೆಲಸ ಮಾಡಿಸಿ. ಈ ಭಾನುವಾರ ಅವಳನ್ನು ಕೂರಿಸಿಕೊಂಡು ಒಂದು ಕವನವನ್ನು ಜೋರಾಗಿ ಓದಿಸಿ. ಹಾಡಬಾರದು, ಬರೀ ಓದಬೇಕು. ನೀವು ಪೆನ್ಸಿಲ್ ಹಿಡಿದು ಅವಳು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಒಂದು ಗೀಟು ಹಾಕಿ. ಅವಳು ಒತ್ತಿ ಹೇಳಿದ ಪದದ ಕೆಳಗೆ ಒಂದು ಚುಕ್ಕೆ ಇಡಿ. ಗೀಟುಗಳು ನಿಮ್ಮ ನಿಲುಗಡೆಗಳು, ಚುಕ್ಕೆಗಳು ನಿಮ್ಮ ಎತ್ತರಗಳು. ಮೊದಲ ಗೀಟಿಗೆ ಪ ಇಡಿ, ಎರಡನೆಯದಕ್ಕೆ ಸ ಇಡಿ, ಮೋಹನದಲ್ಲಿ ನಡುವಿನ ದಾರಿ ಹುಡುಕುತ್ತಾ ಹೋಗಿ.